ಪಕ್ಕದ ಮನೆಯವರು ಕೊಲೆಗಾರರಾದದ್ದು ಹೇಗೆ? ನರಮೇಧದ ಚರಿತ್ರೆ ಓದುವವರಿಗೆ ಒಂದು ಮಾರ್ಗದರ್ಶಿ

ನರಮೇಧದ ಬಗ್ಗೆ ಏನೇ ಬರೆದರೂ ಓದುಗರಿಂದ ಒಂದೇ ಪ್ರಶ್ನೆ ತಿರುಗಿ ಬರುತ್ತದೆ. ನಿನ್ನೆ ತನಕ ಕಷ್ಟಸುಖ ಹಂಚಿಕೊಂಡಿದ್ದ ನೆರೆಯವರು ಇವತ್ತು ಮಚ್ಚು ಹಿಡಿದು ಬಂದದ್ದು ಹೇಗೆ? ಕೆಲವರು ಇದನ್ನೇ ಬೇರೆ ಥರ ಕೇಳುತ್ತಾರೆ. ಅವರೆಲ್ಲ ಹುಚ್ಚರಾಗಿದ್ದರಾ? ಹೆದರಿಸಿ ಮಾಡಿಸಿದರಾ? ಆ ಜಾಗದಲ್ಲಿ ನಾನಿದ್ದಿದ್ದರೆ?

ಇದಕ್ಕೆ ಒಂದು ಸಾಲಿನ ಉತ್ತರ ಕೊಡುವುದು ಸುಲಭ. ಆದರೆ ಇಲ್ಲಿ ದಾರಿ ತಪ್ಪಿಸುವುದೇ ಒಂದು ಸಾಲಿನ ಉತ್ತರ. ಅದಕ್ಕೇ ಉತ್ತರ ಕೊಡುವ ಬದಲು ಉತ್ತರ ಹುಡುಕುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿ ಒಂದು ವಿಚಾರಣೆಯ ವರದಿಯೋ, ಬದುಕುಳಿದವರ ನೆನಪೋ, ಒಂದು ಸಾಕ್ಷ್ಯಚಿತ್ರವೋ ಇದೆ ಅಂದುಕೊಳ್ಳಿ. ಅದನ್ನು ಸಾಮಾಜಿಕ ಮನಶ್ಶಾಸ್ತ್ರದ ಕಣ್ಣಿನಿಂದ ಓದುವುದು ಹೇಗೆ? ಸುತ್ತಲಿನ ಜನ, ಗುಂಪು, ಅಧಿಕಾರ, ಸಂದರ್ಭ ಇವೆಲ್ಲ ಸೇರಿ ಒಬ್ಬ ಮನುಷ್ಯನ ನಡತೆಯನ್ನು ಹೇಗೆ ಬಗ್ಗಿಸುತ್ತವೆ ಅಂತ ನೋಡುವ ಶಾಸ್ತ್ರ ಅದು.

ಶುರು ಮಾಡುವ ಮೊದಲು ಏನೇನು ಬೇಕು

ಒಂದು ಘಟನೆ, ಒಂದು ಊರು, ಒಂದು ದಿನಾಂಕ. "ಎರಡನೇ ಮಹಾಯುದ್ಧ" ಅಂತ ಹಿಡಿದು ಕೂತರೆ ಏನೂ ಕೈಗೆ ಸಿಗುವುದಿಲ್ಲ. "ಯೂಝೆಫೂವ್, 13 ಜುಲೈ 1942" ಅಂತ ಹಿಡಿದರೆ ಸಿಗುತ್ತದೆ. (ಇದು ಪೋಲೆಂಡಿನ ಒಂದು ಊರು, ಎರಡನೇ ಹಂತದಲ್ಲಿ ನೋಡೋಣ.)

ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿಕೊಳ್ಳಿ. ಮೊದಲನೆಯದು: ಯಾರು. ಎರಡನೆಯದು: ಏನು ಮಾಡಿದರು. ಮೂರನೆಯದು: ಆ ಹೊತ್ತಿನಲ್ಲಿ ಬೇರೆ ದಾರಿ ಇತ್ತಾ, ಯಾರಾದರೂ ಆ ದಾರಿ ಹಿಡಿದರಾ. ಮೂರನೇ ಕಾಲಂ ತುಂಬುವುದು ಕಷ್ಟ, ಬಹಳ ಜನ ಖಾಲಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಕೆಳಗಿನ ಪ್ರತಿ ಹಂತದಲ್ಲೂ ಅಲ್ಲಿಗೇ ವಾಪಸ್ ಬರುತ್ತೇವೆ.

ಇನ್ನೊಂದು ಮಾತು. ಇದು ಮನಸ್ಸಿಗೆ ಭಾರವಾಗುವ ಓದು. ರಾತ್ರಿ ಮಲಗುವ ಮೊದಲು ಓದಬೇಡಿ. ಒಂದೇ ಸಲಕ್ಕೆ ಎಲ್ಲಾ ಮುಗಿಸಲು ಹೋಗಬೇಡಿ. ಓದುತ್ತಾ ಓದುತ್ತಾ ಏನೂ ಅನ್ನಿಸದೆ ಹೋಗಲು ಶುರುವಾದರೆ ಅಲ್ಲಿಗೆ ನಿಲ್ಲಿಸಿ, ಮಾರನೇ ದಿನ ಮುಂದುವರಿಸಿ.

ಹಂತ 1: "ಅವರು" ಅನ್ನುವ ಪದವನ್ನು ಒಡೆಯಿರಿ

ನರಮೇಧಕ್ಕೆ ಇಂಗ್ಲಿಷಿನಲ್ಲಿ ಬಳಸುವ ಜೆನೊಸೈಡ್ ಅನ್ನುವ ಪದವನ್ನು 1944ರಲ್ಲಿ ಚಾಲ್ತಿಗೆ ತಂದವರು ಪೋಲೆಂಡಿನ ಯಹೂದಿ ವಕೀಲ ರಾಫಾಯೆಲ್ ಲೆಮ್ಕಿನ್. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದನ್ನು ಒಂದು ಒಪ್ಪಂದದಲ್ಲಿ ಸೇರಿಸಿತು. ಅದರ ತಿರುಳು ಇಷ್ಟು: ಒಂದು ರಾಷ್ಟ್ರೀಯ, ಜನಾಂಗೀಯ, ವರ್ಣೀಯ ಅಥವಾ ಧಾರ್ಮಿಕ ಗುಂಪನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶ ಮಾಡುವ ಉದ್ದೇಶ. ಉದ್ದೇಶ ಅನ್ನುವ ಪದವನ್ನು ಗಮನಿಸಿ. ಯೋಜನೆ ಮಾಡಿದವನಿಗೆ ಆ ಉದ್ದೇಶ ಇರುತ್ತದೆ. ಯಹೂದಿಗಳನ್ನು ಶಿಬಿರಕ್ಕೆ ಸಾಗಿಸಿದ ರೈಲಿನ ವೇಳಾಪಟ್ಟಿ ಬರೆದವನಿಗೆ?

ಹಾಗಾಗಿ ಮೊದಲ ಕಾಲಂನಲ್ಲಿ "ನಾಜಿಗಳು" ಅಂತಲೋ, ಆಫ್ರಿಕಾದ ರುವಾಂಡಾದ ಬಗ್ಗೆ ಓದುವಾಗ "ಹುಟುಗಳು" ಅಂತಲೋ ಬರೆಯಬೇಡಿ. ಆದೇಶ ಕೊಟ್ಟವರು, ಪಟ್ಟಿ ಮಾಡಿದವರು, ಜನರನ್ನು ಅಟ್ಟಿಕೊಂಡು ಬಂದವರು, ಕೊಂದವರು, ಖಾಲಿ ಮನೆಗೆ ನುಗ್ಗಿ ದೋಚಿದವರು, ಕಿಟಕಿಯಿಂದ ನೋಡಿದವರು ಎಂದು ಬಿಡಿಸಿ ಬರೆಯಿರಿ. ಒಬ್ಬೊಬ್ಬರ ಕಾರಣವೂ ಬೇರೆ. ಹಿಟ್ಲರ್ ಯಾಕೆ ಹಾಗೆ ಮಾಡಿದ ಅನ್ನುವ ಉತ್ತರದಿಂದ ಒಬ್ಬ ಪೊಲೀಸ್ ಪೇದೆಯ ಕೈ ಅರ್ಥವಾಗುವುದಿಲ್ಲ.

*ಎಚ್ಚರ:* "ರಾಕ್ಷಸರು" ಅನ್ನುವ ವಿವರಣೆ ಮೊದಲು ಬಾಯಿಗೆ ಬರುವುದು. ಅದು ನಮಗೆ ನೆಮ್ಮದಿಯನ್ನೂ ಕೊಡುತ್ತದೆ, ಯಾಕೆಂದರೆ ನಾವು ರಾಕ್ಷಸರಲ್ಲ. ಆದರೆ ನ್ಯೂರೆಂಬರ್ಗ್ ವಿಚಾರಣೆಯ ಕಾಲದಲ್ಲಿ ನಾಜಿ ನಾಯಕರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳನ್ನು ಮಾಡಿ ನೋಡಿದರು. ಅವರೆಲ್ಲರಿಗೂ ಹೊಂದುವ ಒಂದು ಮಾನಸಿಕ ರೋಗ ಸಿಗಲಿಲ್ಲ. ಅಂಥವರು ಕೆಲವರು ಇರಬಹುದು. ಲಕ್ಷಾಂತರ ಜನರನ್ನು ಕೊಲ್ಲಲು ಕೆಲವರು ಸಾಲುವುದಿಲ್ಲ ಅಲ್ವಾ?

ಹಂತ 2: ಮೊದಲ ದಿನವನ್ನು ಹುಡುಕಿ

ಜನ ಸಾಮಾನ್ಯವಾಗಿ ಕೊನೆಯ ದಿನದಿಂದ ಓದುತ್ತಾರೆ: ಗ್ಯಾಸ್ ಕೋಣೆ, ಶವಗಳ ರಾಶಿ. ಅಷ್ಟು ಹೊತ್ತಿಗೆ ಕೊಂದವನಿಗೆ ಅದು ರೂಢಿಯಾಗಿಹೋಗಿರುತ್ತದೆ. ಅವನು ಮೊದಲ ಸಲ ಕೈ ಎತ್ತಿದ ದಿನ ಯಾವುದು ಅಂತ ಹುಡುಕಿ. ಆ ದಿನದಲ್ಲೇ ಎಲ್ಲಾ ಇರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೀಸಲು ಪೊಲೀಸ್ ಬೆಟಾಲಿಯನ್ 101. ಜರ್ಮನಿಯ ಹ್ಯಾಂಬರ್ಗ್ ನಗರದ ಜನ, ಐನೂರಕ್ಕೆ ಸ್ವಲ್ಪ ಕಡಿಮೆ. ಸರಾಸರಿ ವಯಸ್ಸು 39. ಸೈನ್ಯಕ್ಕೆ ವಯಸ್ಸು ಮೀರಿದವರು, ಬಂದರಿನ ಕೂಲಿಗಳು, ಲಾರಿ ಚಾಲಕರು, ಗುಮಾಸ್ತರು. ಹೆಂಡತಿ ಮಕ್ಕಳು ಇದ್ದವರು. ಹಿಟ್ಲರ್ ಬರುವ ಮೊದಲೇ ಬೆಳೆದು ದೊಡ್ಡವರಾದವರು, ಅಂದರೆ ಬೇರೆ ಥರದ ಲೋಕವನ್ನೂ ಕಂಡಿದ್ದವರು.

1942ರ ಜುಲೈ 13ರ ಬೆಳಗಿನ ಜಾವ ಇವರನ್ನು ಲಾರಿಗಳಲ್ಲಿ ಪೋಲೆಂಡಿನ ಯೂಝೆಫೂವ್ ಊರಿಗೆ ಕರೆತಂದರು. ಅವರ ಮೇಜರ್ ವಿಲ್ಹೆಲ್ಮ್ ಟ್ರಾಪ್ ಎಲ್ಲರನ್ನೂ ಅರ್ಧ ವೃತ್ತಾಕಾರದಲ್ಲಿ ನಿಲ್ಲಿಸಿದ. ಮುಖ ಬಿಳಿಚಿಕೊಂಡಿತ್ತು, ಕಣ್ಣಲ್ಲಿ ನೀರಿತ್ತು, ಗಂಟಲು ಕಟ್ಟಿತ್ತು ಎಂದು ಅಲ್ಲಿದ್ದವರು ಆಮೇಲೆ ಹೇಳಿದರು. ಕೆಲಸ ಏನೆಂದರೆ, ಊರಿನ ಯಹೂದಿಗಳಲ್ಲಿ ದುಡಿಯಬಲ್ಲ ಗಂಡಸರನ್ನು ಶಿಬಿರಕ್ಕೆ ಕಳಿಸಬೇಕು. ಉಳಿದವರನ್ನು, ಅಂದರೆ ಹೆಂಗಸರು, ಮಕ್ಕಳು, ಮುದುಕರನ್ನು, ಕಾಡಿಗೆ ಕರೆದೊಯ್ದು ಗುಂಡಿಕ್ಕಬೇಕು. ಜರ್ಮನಿಯಲ್ಲಿ ನಮ್ಮ ಹೆಂಗಸರು ಮಕ್ಕಳ ಮೇಲೆ ಬಾಂಬು ಬೀಳುತ್ತಿದೆ ಅನ್ನುವುದನ್ನು ನೆನೆಯಿರಿ ಎಂದ. ಆಮೇಲೆ ಯಾರೂ ನಿರೀಕ್ಷಿಸದ ಮಾತು ಹೇಳಿದ: ನಿಮ್ಮಲ್ಲಿ ಹಿರಿಯರು ಯಾರಿಗಾದರೂ ಇದು ಆಗದು ಅನ್ನಿಸಿದರೆ ಮುಂದೆ ಬನ್ನಿ.

ಒಬ್ಬ ಮುಂದೆ ಬಂದ. ಅವನ ಕ್ಯಾಪ್ಟನ್ ಅವನ ಮೇಲೆ ಹರಿಹಾಯ್ದ. ಟ್ರಾಪ್ ಅವನನ್ನು ತಡೆದು ಸಿಪಾಯಿಯನ್ನು ರಕ್ಷಿಸಿದ. ಅದನ್ನು ಕಂಡ ಮೇಲೆ ಇನ್ನೂ ಹತ್ತು ಹನ್ನೆರಡು ಜನ ಬಂದರು. ಅಷ್ಟೇ. ಅವರು ಬಂದೂಕು ಒಪ್ಪಿಸಿ ಬೇರೆ ಕೆಲಸಕ್ಕೆ ಕಾದರು. ಅವರಿಗೆ ಶಿಕ್ಷೆಯೇನೂ ಆಗಲಿಲ್ಲ. ಹಿಂದಿನ ದಿನವೇ ವಿಷಯ ತಿಳಿದಿದ್ದ ಒಬ್ಬ ಮೀಸಲು ಲೆಫ್ಟಿನೆಂಟ್, ತಾನು ನಿರಾಯುಧ ಹೆಂಗಸರು ಮಕ್ಕಳಿಗೆ ಗುಂಡು ಹಾರಿಸುವುದಿಲ್ಲ ಎಂದುಬಿಟ್ಟಿದ್ದ. ಅವನಿಗೆ ಬೇರೆ ಕೆಲಸ ಕೊಟ್ಟರು. ಆಮೇಲೆ ಅವನನ್ನು ಹ್ಯಾಂಬರ್ಗ್‌ಗೆ ವಾಪಸ್ ಕಳಿಸಿದರು.

ಆ ದಿನ ಕತ್ತಲಾಗುವಷ್ಟರಲ್ಲಿ ಸುಮಾರು 1500 ಜನರನ್ನು ಕೊಂದಿದ್ದರು.

ಮೂರನೇ ಕಾಲಂಗೆ ಬನ್ನಿ. ಬೇರೆ ದಾರಿ ಇತ್ತು. ಬಾಯಿಬಿಟ್ಟು ತೋರಿಸಿದ್ದರು. ಹಾಗಾದರೆ ಉಳಿದ ನಾನೂರಕ್ಕೂ ಹೆಚ್ಚು ಜನ ಯಾಕೆ ಹಿಡಿಯಲಿಲ್ಲ? ಯುದ್ಧ ಮುಗಿದು ಇಪ್ಪತ್ತು ವರ್ಷದ ಮೇಲೆ ಹ್ಯಾಂಬರ್ಗ್‌ನಲ್ಲಿ ತನಿಖೆ ನಡೆದಾಗ ಅವರು ಕೊಟ್ಟ ಉತ್ತರಗಳನ್ನು ಓದಿದರೆ ಒಂದು ಎಳೆ ಸಿಗುತ್ತದೆ. ಯೋಚಿಸಲು ಸಮಯ ಇರಲಿಲ್ಲ ಎಂದರು. ಜೊತೆಯವರ ಎದುರು ಹೇಡಿ ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ ಎಂದರು. ಹೊಲಸು ಕೆಲಸವನ್ನು ಜೊತೆಯವರ ತಲೆಗೆ ಕಟ್ಟಿ ತಾನು ಪಾರಾದಂತಾಗುತ್ತದೆ ಅನ್ನುವ ಅಳುಕೂ ಇತ್ತು. ಹಿಂದೆ ಸರಿದವರೂ ಹೆಚ್ಚಿನಂಶ "ಇದು ತಪ್ಪು" ಎಂದು ಹೇಳಲಿಲ್ಲ. "ನನಗೆ ಗಟ್ಟಿ ಮನಸ್ಸಿಲ್ಲ, ನಾನು ದುರ್ಬಲ" ಎಂದರು. ಹಾಗಂದರೆ ಕೊಲ್ಲುವವರು ಗಟ್ಟಿಗರು ಎಂದು ಒಪ್ಪಿಕೊಂಡ ಹಾಗಾಯಿತು. ನನಗಂತೂ ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯ ಅನ್ನಿಸುವ ಸಂಗತಿ ಇದೇ. ಆ ಹತ್ತು ಹನ್ನೆರಡು ಜನ ಪಾರಾದರು, ಆದರೆ ಕೊಲೆಗೆ ಎದುರಾಗಿ ಒಂದು ಮಾತೂ ಹುಟ್ಟಲಿಲ್ಲ.

ಹಂತ 3: ಆಜ್ಞೆಯನ್ನು ಅಳೆಯಿರಿ, ಆದರೆ ಅದಕ್ಕೇ ಜೋತುಬೀಳಬೇಡಿ

ಮಿಲ್‌ಗ್ರಾಮ್ ಪ್ರಯೋಗದ ಹೆಸರು ನೀವು ಕೇಳಿರುತ್ತೀರಿ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಶುರು ಮಾಡಿದ್ದು. ನೆನಪಿನ ಶಕ್ತಿಯ ಅಧ್ಯಯನ ಅಂತ ಹೇಳಿ ಜನರನ್ನು ಕರೆದರು. ಪಕ್ಕದ ಕೋಣೆಯಲ್ಲಿ ಕೂತವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ಕೊಡಬೇಕು. ಹಿಂಜರಿದರೆ ಪ್ರಯೋಗ ನಡೆಸುವವನು ಮುಂದುವರಿಸಿ ಅನ್ನುತ್ತಿದ್ದ. ಯಂತ್ರದಲ್ಲಿ 30 ಸ್ವಿಚ್ಚು, 15 ವೋಲ್ಟ್‌ನಿಂದ 450 ವೋಲ್ಟ್ ತನಕ, ಒಂದೊಂದಕ್ಕೂ 15 ವೋಲ್ಟ್ ಹೆಚ್ಚು. ಶಾಕ್ ನಿಜವಲ್ಲ, ಆಚೆ ಕೂತವನು ನಟಿಸುತ್ತಿದ್ದ. 1963ರಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 40 ಜನರಲ್ಲಿ 26 ಜನ ಕೊನೆಯ ಸ್ವಿಚ್ಚಿನ ತನಕ ಹೋದರು.

ಬಹಳ ಜನ ಇಷ್ಟಕ್ಕೇ ನಿಲ್ಲಿಸುತ್ತಾರೆ. "ಮನುಷ್ಯ ಆಜ್ಞೆ ಕೊಟ್ಟರೆ ಏನು ಬೇಕಾದರೂ ಮಾಡುತ್ತಾನೆ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ನೀವು ನಿಲ್ಲಿಸಬೇಡಿ. ಮಿಲ್‌ಗ್ರಾಮ್ ಇದನ್ನು ಹತ್ತಾರು ಥರದಲ್ಲಿ ಬದಲಾಯಿಸಿ ಮಾಡಿದ. ನಮಗೆ ಬೇಕಾದದ್ದು ಆ ಬದಲಾವಣೆಗಳಲ್ಲಿದೆ.

ಆಜ್ಞೆ ಕೊಡುವವನು ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಹೇಳಿದಾಗ ಕೊನೆತನಕ ಹೋದವರು ಸುಮಾರು ಐದರಲ್ಲಿ ಒಬ್ಬರು. ಶಾಕ್ ತಿನ್ನುವವನ ಕೈಯನ್ನು ತಾವೇ ಹಿಡಿದು ತಟ್ಟೆಯ ಮೇಲೆ ಒತ್ತಬೇಕಾಗಿ ಬಂದಾಗ ಹತ್ತರಲ್ಲಿ ಮೂವರು. ಜೊತೆಗೆ ಕೂತ ಇಬ್ಬರು "ನಾವು ಮಾಡುವುದಿಲ್ಲ" ಎಂದು ಎದ್ದಾಗ 40ರಲ್ಲಿ ನಾಲ್ವರು ಮಾತ್ರ. ಇನ್ನೊಂದು ಪ್ರಯೋಗದಲ್ಲಿ ಸ್ವಿಚ್ಚು ಒತ್ತುವವನು ಬೇರೆಯವನು, ಇವರದು ಪ್ರಶ್ನೆ ಓದುವ ಕೆಲಸ ಅಷ್ಟೇ. ಆಗ 40ರಲ್ಲಿ 37 ಜನ ಸುಮ್ನೆ ಕೊನೆತನಕ ಕೂತಿದ್ದರು.

ಆ 37ರ ಸಂಖ್ಯೆಯನ್ನು ಹಾಳೆಯ ಮೇಲೆ ದೊಡ್ಡದಾಗಿ ಬರೆದುಕೊಳ್ಳಿ. ನರಮೇಧದಲ್ಲಿ ಕೈ ಜೋಡಿಸಿದ ಹೆಚ್ಚಿನವರು ಈ ಥರದವರೇ. ಪಟ್ಟಿ ಟೈಪ್ ಮಾಡಿದವರು, ರಸ್ತೆಗೆ ಅಡ್ಡ ನಿಂತವರು, ಬಾಗಿಲು ತೋರಿಸಿದವರು. "ನಾನೇನು ಕೊಲ್ಲಲಿಲ್ಲವಲ್ಲ" ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ. ಹೊಣೆ ಹಂಚಿಹೋದಷ್ಟೂ ಒಬ್ಬೊಬ್ಬರ ಪಾಲಿಗೆ ಬರುವುದು ಕಡಿಮೆ ಅನ್ನಿಸುತ್ತದೆ. ಇದಕ್ಕೆ ಹೊಣೆಯ ಚದುರುವಿಕೆ ಎನ್ನುತ್ತಾರೆ.

*ಎಚ್ಚರ:* ಮಿಲ್‌ಗ್ರಾಮ್‌ಗೆ ಗಟ್ಟಿ ಟೀಕೆಗಳಿವೆ. ಶಾಕ್ ನಿಜವಲ್ಲ ಎಂದು ಕೆಲವರಿಗೆ ಅನುಮಾನ ಬಂದಿತ್ತು. ಇನ್ನೂ ಮುಖ್ಯವಾದದ್ದು, "ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಲೇಬೇಕು" ಅನ್ನುವ ಮಾತು. ಇಡೀ ಪ್ರಯೋಗದಲ್ಲಿ ನೇರ ಆಜ್ಞೆ ಅಂತ ಇದ್ದದ್ದು ಅದೊಂದೇ, ಮತ್ತು ಅತಿ ಕಡಿಮೆ ಕೆಲಸ ಮಾಡಿದ್ದೂ ಅದೇ. ವಿಜ್ಞಾನಕ್ಕೆ ಇದು ಬೇಕು ಎಂದಾಗ ಮುಂದುವರಿದವರು, ಹೀಗೆ ಗದರಿದಾಗ ಎದ್ದು ನಿಂತರು. ಮನಶ್ಶಾಸ್ತ್ರಜ್ಞರಾದ ಹ್ಯಾಸ್ಲಮ್ ಮತ್ತು ರೈಕರ್ ಇದನ್ನು ಎತ್ತಿ ತೋರಿಸಿ ಬೇರೆ ವಿವರಣೆ ಕೊಟ್ಟರು: ಜನ ಕುರುಡಾಗಿ ವಿಧೇಯರಾಗುವುದಿಲ್ಲ, ಇದೊಂದು ಒಳ್ಳೆಯ ಕೆಲಸ ಎಂದು ನಂಬಿ ಮನಸಾರೆ ಹಿಂಬಾಲಿಸುತ್ತಾರೆ. ನನ್ನ ಓದಿನಲ್ಲಿ ನರಮೇಧಕ್ಕೆ ಹೆಚ್ಚು ಹೊಂದುವುದು ಈ ವಿವರಣೆಯೇ.

1971ರ ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದ ಬಗ್ಗೆಯೂ ಕೇಳುತ್ತೀರಿ. ಎರಡು ವಾರದ ಪ್ರಯೋಗ ಆರೇ ದಿನಕ್ಕೆ ನಿಂತಿತು, ಕಾವಲುಗಾರರ ಪಾತ್ರ ಸಿಕ್ಕ ವಿದ್ಯಾರ್ಥಿಗಳು ಕ್ರೂರಿಗಳಾದರು ಅನ್ನುವ ಕಥೆ. ಆದರೆ ಅವರನ್ನು ಬಿಗಿಯಾಗಿ ನಡೆದುಕೊಳ್ಳುವಂತೆ ಮೊದಲೇ ಹುರಿದುಂಬಿಸಿದ್ದಕ್ಕೆ ಧ್ವನಿಮುದ್ರಿಕೆ ಸಾಕ್ಷಿ ಇದೆ. ಸಮವಸ್ತ್ರ ತೊಟ್ಟ ಮಾತ್ರಕ್ಕೆ ಮನುಷ್ಯ ಕೆಡುತ್ತಾನೆ ಅನ್ನುವುದಕ್ಕೆ ಅದನ್ನು ಪುರಾವೆಯಾಗಿ ಬಳಸಬೇಡಿ.

ಹಂತ 4: ಅವನ ಪಕ್ಕ ಯಾರು ನಿಂತಿದ್ದರು?

ಮೇಲಿನಿಂದ ಬಂದ ಒತ್ತಡಕ್ಕಿಂತ ಪಕ್ಕದಿಂದ ಬಂದ ಒತ್ತಡ ಎಷ್ಟೋ ಸಲ ಜಾಸ್ತಿ.

1951ರಲ್ಲಿ ಸಾಲಮನ್ ಆಶ್ ಅನ್ನುವ ಮನಶ್ಶಾಸ್ತ್ರಜ್ಞ ಗೆರೆಗಳನ್ನು ತೋರಿಸಿ ಯಾವುದು ಇದರಷ್ಟೇ ಉದ್ದ ಎಂದು ಕೇಳಿದ. ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಕೊಟ್ಟಾಗ, ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಅದೇ ತಪ್ಪನ್ನು ಹೇಳಿದರು. ಒಬ್ಬನೇ ಒಬ್ಬ ಸರಿಯಾದ ಉತ್ತರ ಕೊಟ್ಟರೆ ಸಾಕು, ಈ ಪ್ರಮಾಣ ಧಡಕ್ಕನೆ ಇಳಿಯುತ್ತಿತ್ತು. ಗೆರೆಗೂ ಕೊಲೆಗೂ ಏನು ಸಂಬಂಧ ಅನ್ನಬಹುದು. ಯೂಝೆಫೂವ್‌ನಲ್ಲಿ ಮೊದಲು ಮುಂದೆ ಬಂದ ಆ ಒಬ್ಬನನ್ನು ನೆನೆಯಿರಿ. ಅವನು ಬಂದ ಮೇಲೇ ಉಳಿದವರು ಬಂದದ್ದು.

ಈಗ ರುವಾಂಡಾ ನೋಡಿ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನಾ ಇದ್ದ ವಿಮಾನವನ್ನು ಹೊಡೆದುರುಳಿಸಿದರು. ಮಾರನೇ ದಿನದಿಂದ ಸುಮಾರು ನೂರು ದಿನ ಬಹುಸಂಖ್ಯಾತ ಹುಟುಗಳ ಕೈಯಲ್ಲಿ ಅಲ್ಪಸಂಖ್ಯಾತ ಟುಟ್ಸಿಗಳ ಕಗ್ಗೊಲೆ ನಡೆಯಿತು. ಸತ್ತವರು ಐದು ಲಕ್ಷಕ್ಕೂ ಹೆಚ್ಚು. ಎಂಟು ಲಕ್ಷ, ಅದಕ್ಕೂ ಹೆಚ್ಚು ಅನ್ನುವ ಲೆಕ್ಕಗಳೂ ಇವೆ. ಆಮೇಲೆ ಸ್ಕಾಟ್ ಸ್ಟ್ರಾಸ್ ಅನ್ನುವ ಸಂಶೋಧಕ ಜೈಲಿನಲ್ಲಿದ್ದ ಇನ್ನೂರಕ್ಕೂ ಹೆಚ್ಚು ಅಪರಾಧಿಗಳ ಜೊತೆ ಮಾತಾಡಿದ. ಅವರಲ್ಲಿ ಹೆಚ್ಚಿನವರು ಮದುವೆಯಾದ, ಮಕ್ಕಳಿದ್ದ ಸಾಮಾನ್ಯ ರೈತರು. ಟುಟ್ಸಿ ನೆರೆಯವರ ಜೊತೆ ಚೆನ್ನಾಗಿಯೇ ಇದ್ದೆವು ಎಂದವರೇ ಬಹಳ. ಹಾಗಾದರೆ ಹೊರಟದ್ದು ಯಾಕೆ? ಗುಂಪು ಮನೆ ಬಾಗಿಲಿಗೆ ಬಂತು, ಬರದಿದ್ದರೆ ನೀನೂ ಶತ್ರುವಿನ ಕಡೆಯವನು ಎಂದರು. ಇದು ಒಂದು. ಅಧ್ಯಕ್ಷ ಸತ್ತ, ಯುದ್ಧ ಬಂತು, ಅವರು ನಮ್ಮನ್ನು ಮುಗಿಸುವ ಮೊದಲು ನಾವು ಮುಗಿಸಬೇಕು ಅನ್ನುವ ದಿಗಿಲು. ಇದು ಎರಡನೆಯದು.

ಅಲ್ಲೇ ಕೆಲಸ ಮಾಡಿದ ಲೀ ಆನ್ ಫುಜಿಯಿ ಅನ್ನುವ ಸಂಶೋಧಕಿಗೆ ಇನ್ನೂ ವಿಚಿತ್ರ ಅನ್ನಿಸುವ ಸಂಗತಿ ಸಿಕ್ಕಿತು. ಗುಂಪಿನ ಜೊತೆ ಇದ್ದಾಗ ಕೊಲೆಯಲ್ಲಿ ಭಾಗಿಯಾದವನೇ, ಒಬ್ಬನೇ ಇದ್ದಾಗ ಪರಿಚಯದ ಟುಟ್ಸಿಯನ್ನು ಬಿಟ್ಟುಕಳಿಸಿದ್ದ. ಮನುಷ್ಯ ಅವನೇ. ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದಷ್ಟೇ ಬದಲಾಗಿತ್ತು. ಹಾಳೆಯಲ್ಲಿ "ಯಾರು" ಅನ್ನುವ ಕಾಲಂನಲ್ಲಿ ಒಂದೇ ಹೆಸರು "ಕೊಂದ" ಮತ್ತು "ಉಳಿಸಿದ" ಎರಡೂ ಕಡೆ ಬಂದರೆ ಗಾಬರಿಯಾಗಬೇಡಿ. ಹಾಗೇ ಬರೆಯಿರಿ.

ಹಂತ 5: ಮಾತುಗಳನ್ನು ಪಟ್ಟಿ ಮಾಡಿ

ಕೊಲೆಗೆ ಅವರು ಯಾವ ಪದ ಬಳಸಿದರು? ಸಿಕ್ಕಿದ್ದನ್ನೆಲ್ಲ ಬರೆದಿಡಿ. ನಾಜಿ ಕಡತಗಳಲ್ಲಿ ಸಾಯಿಸಲು ಕಳಿಸುವುದಕ್ಕೆ "ಮರುವಸತಿ" ಎಂದು ಬರೆಯುತ್ತಿದ್ದರು, ಕೊಲ್ಲುವುದಕ್ಕೆ "ವಿಶೇಷ ಉಪಚಾರ". ರುವಾಂಡಾದಲ್ಲಿ ಕೊಲ್ಲಲು ಹೋಗುವುದಕ್ಕೆ "ಗುಕೋರಾ" ಎನ್ನುತ್ತಿದ್ದರು. ಅಂದರೆ ಸುಮ್ನೆ "ಕೆಲಸ ಮಾಡುವುದು". ಊರಿನವರೆಲ್ಲ ಸೇರಿ ರಸ್ತೆ, ಕಾಲುವೆ ಕೆಲಸ ಮಾಡುವ ರೂಢಿ ಅಲ್ಲಿ ಮೊದಲಿನಿಂದ ಇತ್ತು. ಕರೆದಾಗ ಹೋಗಿ ಅಭ್ಯಾಸವಿತ್ತು. ಅದೇ ಕರೆ, ಅದೇ ಪದ.

ಎರಡನೇ ಬಗೆಯ ಪದಗಳು ಬಲಿಯಾದವರಿಗೆ ಇಟ್ಟ ಹೆಸರುಗಳು. ರುವಾಂಡಾದಲ್ಲಿ "ಇನ್ಯೆಂಜಿ", ಅಂದರೆ ಜಿರಳೆ. ಇದಕ್ಕೆ ಅಮಾನವೀಕರಣ ಎಂಬ ಹೆಸರಿದೆ: ಎದುರಿಗಿರುವವರನ್ನು ಮನುಷ್ಯರ ಲೆಕ್ಕದಿಂದ ತೆಗೆಯುವುದು. 1975ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮಾಡಿದ ಪ್ರಯೋಗದಲ್ಲಿ ಒಂದು ಗುಂಪಿನವರನ್ನು "ಪ್ರಾಣಿಗಳ ಥರ" ಎಂದು ಯಾರೋ ಅಂದದ್ದು ಕಿವಿಗೆ ಬಿದ್ದರೆ ಸಾಕಾಗಿತ್ತು, ಅವರಿಗೆ ಕೊಡುವ ಶಾಕ್ ಏರುತ್ತಿತ್ತು. ಮೆದು ಪದಗಳು, ಕೀಳು ಹೆಸರುಗಳು, "ಅವರೇ ಮಾಡಿಕೊಂಡದ್ದು" ಅನ್ನುವ ಮಾತು, "ಮೇಲಿನವರು ಹೇಳಿದ್ದು" ಅನ್ನುವ ಮಾತು ಇವೆಲ್ಲ ಒಳಗಿನ ಮನಸ್ಸಾಕ್ಷಿಯ ತಂತಿ ಬಿಚ್ಚುವ ಉಪಾಯಗಳು. ಬಂಡೂರಾ ಇದನ್ನು ನೈತಿಕ ಬಿಡುಗಡೆ ಎಂದು ಕರೆದ. ಹೆಸರು ಕೇಳಿ ಒಳ್ಳೆಯದು ಅಂದುಕೊಳ್ಳಬೇಡಿ. ನೀತಿಯ ಹಿಡಿತದಿಂದ ತಪ್ಪಿಸಿಕೊಳ್ಳುವುದು ಅನ್ನುವ ಅರ್ಥ.

*ಎಚ್ಚರ:* ಮಾತೇ ಎಲ್ಲಾ ಮಾಡಿಸಿತು ಎಂದುಕೊಳ್ಳಬೇಡಿ. ಆರ್‌ಟಿಎಲ್‌ಎಂ ಅನ್ನುವ ರುವಾಂಡಾದ ರೇಡಿಯೋ ಕೇಂದ್ರ ಟುಟ್ಸಿಗಳ ವಿರುದ್ಧ ವಿಷ ಕಾರಿದ್ದು ನಿಜ, ಅದರ ಹಿಂದಿದ್ದವರಿಗೆ ಶಿಕ್ಷೆಯೂ ಆಯಿತು. ಆದರೆ ಸ್ಟ್ರಾಸ್ ಮಾತಾಡಿಸಿದವರಲ್ಲಿ ತಮ್ಮನ್ನು ಹೊರಡಿಸಿದ್ದು ರೇಡಿಯೋ ಎಂದವರು ಕಡಿಮೆ, ಮನೆಗೆ ಬಂದ ಜನ ಎಂದವರು ಜಾಸ್ತಿ. ಇನ್ನೊಂದನ್ನೂ ಗಮನಿಸಿ. 1938ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಯಹೂದಿಗಳನ್ನು ಮಂಡಿಯೂರಿಸಿ ಬೀದಿ ಉಜ್ಜಿಸಿದರು, ಸುತ್ತ ನಿಂತವರು ನಕ್ಕರು. ಜಿರಳೆಗೆ ಯಾರೂ ಅವಮಾನ ಮಾಡುವುದಿಲ್ಲ. ಎದುರಿಗಿರುವುದು ಮನುಷ್ಯ ಎಂದು ಚೆನ್ನಾಗಿ ಗೊತ್ತಿದ್ದೇ ಮಾಡಿದ್ದು ಅದು.

ಹಂತ 6: ಮೆಟ್ಟಿಲು ಎಣಿಸಿ

ಮಿಲ್‌ಗ್ರಾಮ್ ಯಂತ್ರದ 15 ವೋಲ್ಟ್ ನೆನಪಿದೆಯಲ್ಲ? ಯಾರನ್ನೂ ನೇರ 450ಕ್ಕೆ ಕರೆದುಕೊಂಡು ಹೋಗುವುದಿಲ್ಲ. ಜರ್ಮನಿಯಲ್ಲಿ 1933ರ ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಬಹಿಷ್ಕಾರ. ಅದೇ ತಿಂಗಳು ಸರ್ಕಾರಿ ಕೆಲಸದಿಂದ ತೆಗೆದದ್ದು. 1935ರ ಸೆಪ್ಟೆಂಬರ್‌ನಲ್ಲಿ ಯಹೂದಿಗಳ ಪೌರತ್ವದ ಹಕ್ಕು ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನು. 1938ರ ನವೆಂಬರ್‌ನಲ್ಲಿ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ. 1941ರ ಸೆಪ್ಟೆಂಬರ್‌ನಲ್ಲಿ ಎದೆಯ ಮೇಲೆ ಹಳದಿ ನಕ್ಷತ್ರ. ಅದರ ಮುಂದಿನ ತಿಂಗಳಿಂದ ಗಡೀಪಾರಿನ ರೈಲು.

ಪ್ರತಿ ಮೆಟ್ಟಿಲಿನ ಎದುರು ಒಂದು ಪ್ರಶ್ನೆ ಬರೆಯಿರಿ: ಇಲ್ಲಿ ಸಾಮಾನ್ಯ ಮನುಷ್ಯನಿಗೆ ಮಾಡಲು ಏನಿತ್ತು? ಅಂಗಡಿಗೆ ಹೋಗದೆ ಇರುವುದು. ತೆರವಾದ ಹುದ್ದೆಗೆ ಅರ್ಜಿ ಹಾಕುವುದು. ಬೀದಿಯಲ್ಲಿ ಪರಿಚಯದವರು ಎದುರಾದಾಗ ಮುಖ ತಿರುಗಿಸುವುದು. ಹ್ಯಾಂಬರ್ಗ್‌ನಲ್ಲಿ ಯಹೂದಿಗಳಿಂದ ಕಸಿದ ಮೇಜು, ಕುರ್ಚಿ, ಬಟ್ಟೆಗಳನ್ನು ಬಹಿರಂಗವಾಗಿ ಹರಾಜು ಹಾಕಿದರು. ಕೊಂಡವರು ಅದೇ ಊರಿನ ಗೃಹಸ್ಥರು. ಒಮ್ಮೆ ಆ ಮೇಜಿನ ಮೇಲೆ ಊಟ ಶುರುವಾದರೆ, ಅದರ ಯಜಮಾನ ವಾಪಸ್ ಬರಲಿ ಎಂದು ಬಯಸುವುದು ಕಷ್ಟ.

ಎರ್ವಿನ್ ಸ್ಟಾಬ್ ಅನ್ನುವ ಮನಶ್ಶಾಸ್ತ್ರಜ್ಞ ಇದಕ್ಕೆ ವಿನಾಶದ ಸರಪಳಿ ಅನ್ನುವ ಅರ್ಥದ ಹೆಸರಿಟ್ಟ. 1944ರಲ್ಲಿ ಹಂಗೇರಿಯಲ್ಲಿ ಮಗುವಾಗಿದ್ದು ಬದುಕುಳಿದವನು ಅವನು. ಮಾಡಿದ ಕೆಲಸ ಮಾಡುವವನನ್ನೇ ಬದಲಾಯಿಸುತ್ತದೆ ಅನ್ನುವುದು ಅವನ ಮಾತಿನ ತಿರುಳು. ಹೀಗಾಗುವುದಕ್ಕೆ ಒಂದು ಕಾರಣ ಅರಿವಿನ ಅಸಾಂಗತ್ಯ. ನಾನು ಒಳ್ಳೆಯವನು ಅನ್ನುವ ನಂಬಿಕೆಗೂ ನಾನು ಮಾಡಿದ ಕೆಲಸಕ್ಕೂ ತಾಳೆಯಾಗದೆ ಒಳಗೆ ಕಸಿವಿಸಿಯಾಗುತ್ತದೆ. ಮಾಡಿದ್ದನ್ನು ಅಳಿಸಲು ಆಗುವುದಿಲ್ಲ. ನಂಬಿಕೆಯನ್ನು ಬದಲಾಯಿಸಬಹುದು: ಅವರು ಅದಕ್ಕೆ ತಕ್ಕವರೇ.

2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಸಣ್ಣ ಹುಳಗಳನ್ನು ಕಾಫಿ ಪುಡಿ ಮಾಡುವ ಯಂತ್ರಕ್ಕೆ ಹಾಕಲು ಹೇಳಿದರು. ಹುಳ ಸಾಯದಂತೆ ಒಳಗೆ ವ್ಯವಸ್ಥೆ ಇತ್ತು, ಆದರೆ ಹಾಕುವವರಿಗೆ ಗೊತ್ತಿರಲಿಲ್ಲ. ಕೆಲವರಿಗೆ ಮೊದಲು ಒಂದೇ ಹುಳ ಹಾಕಿ ಎಂದರು, ಕೆಲವರಿಗೆ ಐದು. ಆಮೇಲೆ ಸ್ವಲ್ಪ ಹೊತ್ತು ನಿಮಗೆ ಬೇಕಾದಷ್ಟು ಹಾಕಿ ಎಂದಾಗ, ಐದರಿಂದ ಶುರು ಮಾಡಿದವರು ಹೆಚ್ಚು ಹಾಕಿದರು. ತಮಗೂ ಹುಳಕ್ಕೂ ಏನೋ ಹೋಲಿಕೆ ಇದೆ ಎಂದುಕೊಂಡವರಲ್ಲಿ ಇದು ಎದ್ದು ಕಂಡಿತು. ಹುಳದ ಮಟ್ಟಿಗೇ ಹೀಗೆ.

ಬೆಟಾಲಿಯನ್ 101ಕ್ಕೆ ವಾಪಸ್ ಬಂದರೆ ಮೆಟ್ಟಿಲು ಕಣ್ಣಿಗೇ ಕಾಣುತ್ತದೆ. ಯೂಝೆಫೂವ್‌ನ ರಾತ್ರಿ ಆ ಜನ ಊಟ ಮುಟ್ಟಲಿಲ್ಲ, ವಿಪರೀತ ಕುಡಿದರು. ಮುಂದಿನ ತಿಂಗಳುಗಳಲ್ಲಿ ಕೆಲಸ ಹಂಚಿಹೋಯಿತು. ಗುಂಡು ಹಾರಿಸಲು ಬೇರೆ ತುಕಡಿ, ಇವರದು ಸುತ್ತುವರಿಯುವುದು, ರೈಲಿಗೆ ತುಂಬುವುದು. ಕೊನೆಗೆ ಸ್ವಯಂಪ್ರೇರಣೆಯಿಂದ ಬಂದವರನ್ನೇ ಕರೆದುಕೊಂಡು ಹೋಗುವ ಹೊತ್ತಿಗೆ ಜನ ಬೇಕಾದಷ್ಟು ಸಿಗುತ್ತಿದ್ದರು. ಕನಿಷ್ಠ 38,000 ಜನರನ್ನು ಗುಂಡಿಕ್ಕಿ ಕೊಂದರು. 45,000 ಜನರನ್ನು ಟ್ರೆಬ್ಲಿಂಕಾ ಅನ್ನುವ ಸಾವಿನ ಶಿಬಿರದ ರೈಲಿಗೆ ಹತ್ತಿಸಿದರು.

ಹಂತ 7: ಲಾಭ ಮತ್ತು ಜೀವಭಯ

ಮನಶ್ಶಾಸ್ತ್ರದ ಮಾತುಗಳ ನಡುವೆ ಇದನ್ನು ಮರೆಯಬೇಡಿ. ರುವಾಂಡಾದಲ್ಲಿ ಹೊಲ, ಹಸು, ಹೆಂಚು, ಬಾಗಿಲು ಎಲ್ಲಾ ಲೂಟಿಯಾದವು. ಆಸೆಗೆ ಬಂದವರು ಆಸೆಗೇ ಬಂದರು.

ಜೀವಭಯದ ವಿಷಯದಲ್ಲಿ ಊರಿಂದೂರಿಗೆ ವ್ಯತ್ಯಾಸವಿದೆ. "ಒಲ್ಲೆ ಅಂದಿದ್ದರೆ ನನ್ನನ್ನೇ ಕೊಲ್ಲುತ್ತಿದ್ದರು" ಅನ್ನುವ ಮಾತು ಎಲ್ಲಾ ವಿಚಾರಣೆಯಲ್ಲೂ ಬರುತ್ತದೆ. ನಿರಾಯುಧರನ್ನು ಕೊಲ್ಲಲು ಒಪ್ಪದ್ದಕ್ಕೆ ಮರಣದಂಡನೆ ಪಡೆದ ಒಬ್ಬ ಜರ್ಮನ್ನನ ದಾಖಲೆಯನ್ನೂ ನಾಜಿ ಆರೋಪಿಗಳ ವಕೀಲರಿಗೆ ತೋರಿಸಲು ಆಗಲಿಲ್ಲ. ಆದರೆ 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾ ಊರಿನ ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದ ತುಕಡಿಯಲ್ಲಿದ್ದ ದ್ರಾಜೆನ್ ಎರ್ದೆಮೊವಿಚ್, ತಾನು ಒಲ್ಲೆ ಎಂದಾಗ "ಹಾಗಾದರೆ ನೀನೂ ಅವರ ಸಾಲಿನಲ್ಲಿ ನಿಲ್ಲು" ಎಂದರು ಎಂದು ಹೇಳಿದ. ಜೀವಭಯ ಇತ್ತು ಅನ್ನುವುದರಿಂದ ಪೂರ್ತಿ ಬಿಡುಗಡೆ ಸಿಗದು ಎಂದು ಹಿಂದಿನ ಯುಗೊಸ್ಲಾವಿಯಾದ ಯುದ್ಧಾಪರಾಧಗಳಿಗಾಗಿ ರಚಿಸಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಹೇಳಿತು. ಶಿಕ್ಷೆಯನ್ನು ಮಾತ್ರ 1998ರಲ್ಲಿ ಐದು ವರ್ಷಕ್ಕೆ ಇಳಿಸಿತು. ರುವಾಂಡಾದಲ್ಲಿ ಒಲ್ಲೆ ಎಂದ ಹುಟುಗಳನ್ನು ಕೊಂದದ್ದೂ ಇದೆ, ದಂಡ ಹಾಕಿ ಬಿಟ್ಟದ್ದೂ ಇದೆ. ಮೂರನೇ ಕಾಲಂನಲ್ಲಿ ಅಂದಾಜಿನಿಂದ ಬರೆಯಬೇಡಿ, ಆ ಊರಿನ ದಾಖಲೆ ನೋಡಿ ಬರೆಯಿರಿ.

ಹಂತ 8: ಒಲ್ಲೆ ಎಂದವರನ್ನು ಹುಡುಕಿ

ಸಂದರ್ಭವೇ ಎಲ್ಲಾ ಮಾಡಿಸುವುದಾದರೆ ಒಲ್ಲೆ ಎಂದವರು ಇರಲೇಬಾರದಿತ್ತು. ಇದ್ದರು.

ರುವಾಂಡಾದ ಬುಟಾರೆ ಪ್ರಾಂತ್ಯವನ್ನು ನೋಡಿ. ಅಲ್ಲಿನ ಆಡಳಿತಾಧಿಕಾರಿ ಜಾನ್ ಬ್ಯಾಪ್ಟಿಸ್ಟ್ ಹಬ್ಯಾಲಿಮಾನಾ. ಆ ಹುದ್ದೆಯಲ್ಲಿ ದೇಶಕ್ಕೆಲ್ಲ ಇದ್ದ ಒಬ್ಬನೇ ಟುಟ್ಸಿ. ಬೇರೆಡೆ ಕೊಲೆ ಶುರುವಾದ ಮೇಲೂ ಅವನು ತನ್ನ ಪ್ರಾಂತ್ಯವನ್ನು ಹೆಚ್ಚುಕಮ್ಮಿ ಎರಡು ವಾರ ಹಿಡಿದಿಟ್ಟ. ಆಮೇಲೆ ಅವನನ್ನು ತೆಗೆದರು. ಏಪ್ರಿಲ್ 19ರಂದು ಹಂಗಾಮಿ ಅಧ್ಯಕ್ಷ ಸಿಂದಿಕುಬ್ವಾಬೊ ಬಂದು ಭಾಷಣ ಮಾಡಿದ. "ನನಗೇನು ಸಂಬಂಧ" ಅನ್ನುವವರನ್ನು ಚುಚ್ಚಿ, ಅಂಥವರು ದಾರಿ ಬಿಡಲಿ ಎಂದ. ಅದಾದ ಮೇಲೆ ಬುಟಾರೆಯಲ್ಲೂ ಕಗ್ಗೊಲೆ ಶುರುವಾಯಿತು. ಹಬ್ಯಾಲಿಮಾನಾನನ್ನೂ ಕೊಂದರು. ಅದೇ ಜನ, ಅದೇ ನೆರೆಹೊರೆ. ಎರಡು ವಾರ ಕೊಲ್ಲಲಿಲ್ಲ, ಆಮೇಲೆ ಕೊಂದರು. ನಡುವೆ ಬದಲಾದದ್ದು ಮುಂದೆ ನಿಂತವರು. ಮೂರನೇ ಕಾಲಂಗೆ ಇಷ್ಟು ಸ್ಪಷ್ಟವಾದ ಪುರಾವೆ ಬೇರೆಡೆ ಸಿಗುವುದು ಅಪರೂಪ.

ಯುರೋಪಿನಲ್ಲಿ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದವರ ಬಗ್ಗೆ ಸ್ಯಾಮುಯೆಲ್ ಮತ್ತು ಪರ್ಲ್ ಒಲಿನರ್ ದಂಪತಿ ದೊಡ್ಡ ಅಧ್ಯಯನ ಮಾಡಿದರು. ಕಾಪಾಡಿದವರಲ್ಲಿ ಹೆಚ್ಚಿನವರು ತಾವಾಗೇ ಎದ್ದು ಹೊರಟವರಲ್ಲ. ಯಾರೋ ಬಂದು ಕೇಳಿದರು, ಇವರು ಆಗಲಿ ಎಂದರು. ಆಮೇಲೆ ಒಂದು ರಾತ್ರಿ ಒಂದು ತಿಂಗಳಾಯಿತು, ಒಬ್ಬರು ಐದು ಜನರಾದರು. ಮೆಟ್ಟಿಲು ಇತ್ತ ಕಡೆಗೂ ಇದೆ.

ಹಂತ 9: ಕೊಂದವನ ಮಾತನ್ನು ಜರಡಿ ಹಿಡಿಯಿರಿ

ನಮಗೆ ಸಿಗುವ ಹೆಚ್ಚಿನ ಹೇಳಿಕೆಗಳು ಪೊಲೀಸರಿಗೋ ನ್ಯಾಯಾಧೀಶರಿಗೋ ಕೊಟ್ಟವು. ಶಿಕ್ಷೆ ತಪ್ಪಿಸಿಕೊಳ್ಳುವ ಆಸೆ ಅದರಲ್ಲಿ ಇದ್ದೇ ಇರುತ್ತದೆ. 1961ರಲ್ಲಿ ಜೆರುಸಲೇಮಿನ ನ್ಯಾಯಾಲಯದಲ್ಲಿ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ನಾಜಿ ಅಧಿಕಾರಿ ಐಕ್‌ಮನ್ ತಾನೊಬ್ಬ ಆದೇಶ ಪಾಲಿಸಿದ ಸಣ್ಣ ಅಧಿಕಾರಿ ಎಂದ. ಬಹಳ ಜನ ನಂಬಿದರು. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲು ಅರ್ಜೆಂಟೀನಾದಲ್ಲಿ ಹಳೆಯ ನಾಜಿ ಗೆಳೆಯರ ನಡುವೆ ಕೂತು ಧ್ವನಿಮುದ್ರಣ ಮಾಡಿಸಿದ ಮಾತುಗಳಲ್ಲಿ ಅವನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯಿತ್ತು. ಯಾರಿಗೆ, ಯಾವಾಗ, ಯಾಕೆ ಹೇಳಿದ್ದು ಅನ್ನುವುದನ್ನು ಪ್ರತಿ ಹೇಳಿಕೆಯ ಪಕ್ಕ ಬರೆಯಿರಿ.

ಇಲ್ಲಿ ಓದುಗರು ಕೇಳುವ ಇನ್ನೊಂದು ಪ್ರಶ್ನೆಗೂ ಉತ್ತರಿಸಬೇಕು. ಇಷ್ಟೆಲ್ಲ ವಿವರಿಸಿದರೆ ಅವರನ್ನು ಕ್ಷಮಿಸಿದ ಹಾಗಾಗುವುದಿಲ್ಲವಾ? ನಾನು ಮೂರನೇ ಕಾಲಂ ಇಟ್ಟಿರುವುದೇ ಇದಕ್ಕೆ. ಒತ್ತಡ ಎಷ್ಟಿತ್ತು ಅಂತ ಅಳೆದಾಗಲೇ ಆಯ್ಕೆ ಎಷ್ಟು ಉಳಿದಿತ್ತು ಅಂತಲೂ ಗೊತ್ತಾಗುವುದು. ಎರಡನ್ನೂ ಬರೆಯಿರಿ.

ಹಂತ 10: ಹಾಳೆಯ ಹಿಂಬದಿ

ಇಷ್ಟು ಹೊತ್ತು ಕೊಂದವರ ಬಗ್ಗೆಯೇ ಓದಿದಿರಿ. ಈ ಓದಿನ ದೊಡ್ಡ ಅಪಾಯವೂ ಅದೇ. ಹಾಳೆ ತಿರುಗಿಸಿ, ಸತ್ತವರ ಮತ್ತು ಬದುಕುಳಿದವರ ಮಾತು ಏನೇನು ಸಿಕ್ಕಿದೆಯೋ ಅದನ್ನು ಬರೆಯಿರಿ. ಸಿಗದಿದ್ದರೆ ಯಾಕೆ ಸಿಗಲಿಲ್ಲ ಅಂತ ಬರೆಯಿರಿ.

ಕಣ್ಣೀರಿಟ್ಟುಕೊಂಡೇ ಆದೇಶ ಕೊಟ್ಟ ಮೇಜರ್ ಟ್ರಾಪ್‌ನನ್ನು ಯುದ್ಧದ ನಂತರ ಪೋಲೆಂಡಿಗೆ ಒಪ್ಪಿಸಿದರು. 1948ರಲ್ಲಿ ಒಂದೇ ದಿನದ ವಿಚಾರಣೆ ನಡೆಯಿತು, ಡಿಸೆಂಬರ್‌ನಲ್ಲಿ ಅವನಿಗೆ ಮರಣದಂಡನೆಯಾಯಿತು. ಅವನ ಮೇಲಿದ್ದ ಆರೋಪ ಟಾಲ್ಚಿನ್ ಅನ್ನುವ ಹಳ್ಳಿಯಲ್ಲಿ ಸೇಡಿಗಾಗಿ 78 ಪೋಲಿಷ್ ಜನರನ್ನು ಕೊಲ್ಲಿಸಿದ್ದು. ಯೂಝೆಫೂವ್‌ನ ಕಾಡಿನಲ್ಲಿ ಸತ್ತ 1500 ಜನ ಆ ವಿಚಾರಣೆಯಲ್ಲಿ ಬರಲೇ ಇಲ್ಲ.